ಹನ್ನೆರಡನೆಯ ಪುಟದ ಅಲ್ಪವಿರಾಮ

ಸೋಮವಾರ ಓದಬೇಕಿದ್ದ ತೀರ್ಪನ್ನು
ಶುಕ್ರವಾರವೇ ಹೇಳಿಬಿಟ್ಟಳು ಟೊಮೇಟೊ ಮಾರುವವಳು,
ಚಿಲ್ಲರೆ ಎಣಿಸುತ್ತ, ತಲೆಯೆತ್ತದೆ:
“ಗಣಿಯವರು ಗೆದ್ದರಂತಲ್ಲ ನಸಿಲೆಲೆ,
ಐವರಲ್ಲಿ ನಾಲ್ವರು ಆ ಕಡೆಯಂತೆ.”

ಲುಸಾಕದ ದೊಡ್ಡ ಕೋರ್ಟಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತೇನೆ.
ಯಾರು ಗೆದ್ದರೆಂದು ನೋಡುವ ಕೆಲಸ ನನ್ನದಲ್ಲ.
ನದಿ ಸತ್ತದ್ದು ನನಗೆ ಗೊತ್ತಾಗುವುದು
ಮೀನು ಎಂಬ ಪದ
ಏಕವಚನದಲ್ಲಿದೆಯೋ ಬಹುವಚನದಲ್ಲಿದೆಯೋ
ಎಂದು ಕನ್ನಡಕ ಏರಿಸಿ ನೋಡುವಾಗ.

ಮಿನಿಬಸ್ಸಿನಲ್ಲಿ ಕೂತರೆ ಡ್ರೈವರಿಗೂ ಗೊತ್ತು,
ಅವನ ಪಕ್ಕದ ಪಾದ್ರಿಗೂ ಗೊತ್ತು.
ಕುಂಬಳಕಾಯಿ ಕಳ್ಳ ಅಂದರೆ
ಯಾರೋ ಹೆಗಲು ಮುಟ್ಟಿ ನೋಡಿಕೊಂಡನಂತೆ,
ನಾನು ಕೈಚೀಲ ಮುಟ್ಟಿ ನೋಡಿಕೊಂಡೆ.
ಕೆಂಪು ಪೆನ್ನು. ಬೀಗದ ಕೈ.
ಅರ್ಧ ತಿಂದ ವಿಟುಂಬುವ, ಎಣ್ಣೆ ಕಾಗದದಲ್ಲಿ.

ಸೋಮವಾರ ಮೆಟ್ಟಿಲ ತುಂಬ ನದಿಯ ಊರಿನವರು.
ಬಾಟಲಿಗಳಲ್ಲಿ ಹಸಿರು ನೀರು ತಂದಿದ್ದರು,
ಯಾರಿಗೆ ತೋರಿಸುವುದೆಂದು ಅವರಿಗೂ ತಿಳಿಯದು.
ಒಳಗೆ ಓದುತ್ತಿದ್ದ ತೀರ್ಪನ್ನು
ಹೊರಗಿನವರು ಒಂದು ಸಾಲು ಮುಂಚೆಯೇ ಹೇಳುತ್ತಿದ್ದರು,
ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.
ಮುದುಕನೊಬ್ಬ ನನ್ನ ಗುರುತಿನ ಚೀಟಿ ನೋಡಿ
ದಾರಿಗಡ್ಡ ನಿಂತ:
“ಸೋತದ್ದಕ್ಕೆ ಅಳುತ್ತಿಲ್ಲ ಅಮ್ಮಾ, ಅದು ರೂಢಿ.
ಗೆದ್ದವರ ಬಂಗಲೆಯಲ್ಲಿ ಗುರುವಾರವೇ ಹೋತ ಕಡಿದರು.
ನಾವು ಇವತ್ತು ಬೆಳಗಿನವರೆಗೆ ಮೊಣಕಾಲೂರಿದ್ದೆವು.
ಆ ನಾಲ್ಕು ದಿನದ ಪ್ರಾರ್ಥನೆ
ಯಾರು ವಾಪಸು ಕೊಡುತ್ತಾರೆ?”

ನನ್ನ ಹತ್ತಿರ ಉತ್ತರವಿರಲಿಲ್ಲ.
ದಾರಿ ಬಿಡಪ್ಪಾ ಅಂದೆ.

ಆಮೇಲೆ ವಿಚಾರಣೆ.
ಚಹಾದ ಮಬ್ವುಟೋನ ಫೋನು ಕಿತ್ತುಕೊಂಡರು.
ಕಸ ಗುಡಿಸುವ ಚಿಮುಕಳ ಬುಟ್ಟಿ ಬೋರಲು ಹಾಕಿಸಿದರು.
ಸ್ಟೆನೋ ಹುಡುಗ ಲುಬಿಂದ ಹೊಸ ಶೂ ಹಾಕಿದ್ದ,
ಅದೇ ಸಾಕ್ಷಿ.
ಕಂತಿನಲ್ಲಿ ಕೊಂಡದ್ದು ಸಾರ್, ರಸೀದಿ ಇದೆ, ಅಂದ.
ರಸೀದಿ ಇಟ್ಟುಕೊಳ್ಳುವಷ್ಟು ಹುಷಾರಿ ಯಾಕೆ ಬಂತು?
ಎಂದು ಕೇಳಿದರು.

ರಾತ್ರಿ ಅಡುಗೆಮನೆಯಲ್ಲಿ
ಭಾನುವಾರದ ಪತ್ರಿಕೆ ಬಿಡಿಸಿದೆ.
ಸೋರಿದ ಪುಟದ ಫೋಟೊ, ಹನ್ನೆರಡನೆಯದು.
ಕಣ್ಣು ತನ್ನ ರೂಢಿಯಂತೆ ಸಾಲು ಹಿಡಿದು ನಡೆಯಿತು.
ಏಳನೆಯ ಸಾಲಿನಲ್ಲಿ ಎಡವಿತು:
‘ನದಿ’ ಆದಮೇಲೆ ಒಂದು ಅಲ್ಪವಿರಾಮ,
ನೊಣದ ಕಾಲಿನಷ್ಟು.

ನಾಲ್ಕು ಪ್ರತಿಯಲ್ಲಿ ಅದನ್ನು ತೆಗೆದಿದ್ದೆ.
ಐದನೆಯದರಲ್ಲಿ ಮರೆತೆ.
ಕವರಿಗೆ ಅರಗು ಬಿದ್ದಮೇಲೆ ನೆನಪಾಯಿತು,
ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ.

ಐದನೆಯ ಪ್ರತಿ ಹೋದದ್ದು
ನದಿಯ ಪರವಾಗಿ ಒಬ್ಬರೇ ಬರೆದವರಿಗೆ.
ಅವರ ಭಿನ್ನಮತ ತಿದ್ದುವಾಗ
ಮೊದಲ ಸಲ ನಾನು ಪದಗಳನ್ನು ಬಿಟ್ಟು ಮಾತು ಓದಿದ್ದೆ.
ಗದ್ದಲವಾದರೆ ಇನ್ನೊಬ್ಬರ ಮನಸ್ಸು ತಿರುಗೀತೆಂದು ಕೊಟ್ಟರೇ?
ಊಟಕ್ಕೆ ಬಂದವರೆದುರು
ಮೇಜಿನ ಮೇಲೆ ಹಾಗೇ ಬಿಟ್ಟು ಎದ್ದರೇ?
ಅಥವಾ,
ಮುಂದಿನದು ನನ್ನ ಬಾಯಿಂದ ಬರುವುದಿಲ್ಲ.
ಮನಸ್ಸಿಗೆ ಬಂತು.

ಮರುದಿನ ಕಾರಿಡಾರಿನಲ್ಲಿ ಎದುರಾದರು.
“ಹೇಗಿದ್ದೀಯ ನಸಿಲೆಲೆ, ಮಗನ ಜ್ವರ ಬಿಟ್ಟಿತೇ?”
ಬಿಟ್ಟಿದೆ, ಅಂದೆ.
ಮೆಟ್ಟಿಲ ಕೆಳಗೆ ಮಬ್ವುಟೋನ ಕೆಟಲು
ಮೂರು ದಿನದಿಂದ ಬೋರಲು.
ತಲೆ ತಗ್ಗಿಸಿದ್ದನ್ನು ಅವರು ಗೌರವವೆಂದುಕೊಂಡಿರಬೇಕು.

ನಾನು ಅವರ ಶೂ ನೋಡುತ್ತಿದ್ದೆ.